ವರ್ಕ್‌ಶಾಪ್ ಬೆಂಚಿಗೆ ಕ್ಯಾಸ್ಟರ್ ವೀಲ್ ಆರಿಸುವುದು ಹೇಗೆ: ನೆಲದಿಂದ ನಟ್ಟಿನವರೆಗೆ

ಕ್ಯಾಸ್ಟರ್ ವೀಲ್ ಅಂದರೆ ಬೆಂಚು, ಟ್ರಾಲಿಯ ಕಾಲಡಿಗೆ ಹಾಕುವ ಸಣ್ಣ ಚಕ್ರ. ನನ್ನ ಮೊದಲ ಮರಗೆಲಸದ ಬೆಂಚಿಗೆ ಹಾಕಿದ್ದು 2 ಇಂಚಿನ ನಾಲ್ಕು ವೀಲ್. ಅಂಗಡಿಯಲ್ಲಿ ಕೈಗೆ ಸಿಕ್ಕಿದವು. ದುಡ್ಡೂ ಕಡಿಮೆ, ನೋಡೋಕೂ ಚೆನ್ನಾಗಿದ್ದವು. ಬೆಂಗಳೂರಿನ ಬಾಡಿಗೆ ಮನೆ, ಕೆಳಗಿನ ಕಾರ್ ಪಾರ್ಕಿಂಗ್ ಜಾಗದಲ್ಲೇ ನನ್ನ ಮರಗೆಲಸ. ಬೆಳಿಗ್ಗೆ ಬೆಂಚು ಹೊರಗೆ, ಸಂಜೆ ಗೋಡೆಗೆ. ವೀಲ್ ಇಲ್ಲದೆ ಆಗದ ಮಾತು.

ಮೊದಲ ಭಾನುವಾರ ತೇಗದ ಹಲಗೆಯೊಂದನ್ನು ವೈಸ್‌ಗೆ ಕಚ್ಚಿಸಿ ಕೀಸಲು ಶುರು ಮಾಡಿದೆ. ಬ್ರೇಕ್ ಹಾಕಿದ್ದೆ. ಆದರೂ ಕೀಸುಳಿ ತಳ್ಳಿದಾಗೆಲ್ಲ ಬೆಂಚು ಅರ್ಧ ಇಂಚು ಮುಂದೆ ಹೋಗುತ್ತಿತ್ತು. ಹಲಗೆಯ ಒಂದು ಮುಖ ನಯಸ್ಸಾಗುವಷ್ಟರಲ್ಲಿ ಬೆಂಚು ಪಕ್ಕದ ಮನೆಯವರ ಸ್ಕೂಟರ್ ಹತ್ತಿರ ಹೋಗಿ ನಿಂತಿತ್ತು. ನಾನೂ ಅದರ ಹಿಂದೆ ಹೆಜ್ಜೆ ಹಾಕುತ್ತಾ ಹೋಗಿದ್ದೆ, ಗೊತ್ತೇ ಆಗಿರಲಿಲ್ಲ.

ಅವತ್ತಿನಿಂದ ವೀಲ್ ಕೊಳ್ಳುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಉಲ್ಟಾ ಆಗಿದೆ. ಇದು ಎಷ್ಟು ಚೆನ್ನಾಗಿ ಉರುಳುತ್ತದೆ ಅಂತಲ್ಲ, ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಅಂತ. ಉರುಳುವ ಕೆಲಸ ದಿನಕ್ಕೆ ಎರಡು ನಿಮಿಷ. ಮಿಕ್ಕ ಹೊತ್ತೆಲ್ಲ ಅದು ನಿಂತಿರಬೇಕು.

ವೀಲ್ ಬೇಕೇ ಬೇಕಾ?

ಮೊದಲು ಸಾಮಾನುಗಳನ್ನು ಬೇರೆ ಮಾಡಿಕೊಳ್ಳಿ. ಟೂಲ್ ಟ್ರಾಲಿ, ಹೊಟ್ಟು ಎಳೆಯುವ ಡಸ್ಟ್ ಕಲೆಕ್ಟರ್, ಪ್ಲೈವುಡ್ ಗಾಡಿ ಇವೆಲ್ಲ ದಿನಾ ಓಡಾಡುತ್ತವೆ. ಆದರೆ ಅವುಗಳ ಮೇಲೆ ಯಾರೂ ಬಲ ಹಾಕಿ ಕೆಲಸ ಮಾಡುವುದಿಲ್ಲ. ಒಳ್ಳೆಯ ಬ್ರೇಕ್ ವೀಲ್ ಇದ್ದರೆ ಸಾಕು. ಬೆಂಚು, ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸ), ಪ್ಲೇನರ್ (ಮರ ಕೀಸುವ ಯಂತ್ರ) ಹಾಗಲ್ಲ. ಅವು ಆಗೊಮ್ಮೆ ಈಗೊಮ್ಮೆ ಜರುಗಿದರೆ ಸಾಕು, ಆದರೆ ಕೆಲಸ ಮಾಡುವಾಗ ಅಲ್ಲಾಡಬಾರದು. ಇವುಗಳ ಬಗ್ಗೆಯೇ ಜಾಸ್ತಿ ಯೋಚಿಸಬೇಕು. ವರ್ಷಕ್ಕೊಮ್ಮೆ ಸುಣ್ಣ ಬಣ್ಣ ಹೊಡೆಸುವಾಗ ಮಾತ್ರ ಸರಿಸುವ ಕಪಾಟಿಗೆ ವೀಲ್ ಹಾಕಿ ಸುಮ್ನೆ ದುಡ್ಡು ಕಳೆಯಬೇಡಿ. ಇಬ್ಬರು ಬಂದು ಎತ್ತಿದರೆ ಆಯಿತು.

ಹಂತ 1: ನೆಲ ನೋಡಿ

ಹೆಚ್ಚಿನವರು ಬಿಡುವ ಹಂತ ಇದೇ. ಬೆಂಚು ಓಡಾಡುವ ದಾರಿ ಪೂರ್ತಿ ಒಮ್ಮೆ ಬಗ್ಗಿ ನೋಡಿ. ಕಡಪ ಕಲ್ಲು ಅಥವಾ ಶಹಾಬಾದ್ ಕಲ್ಲಿನ ನೆಲವಾದರೆ ಸಂದುಗಳು ಆಳವಾಗಿರುತ್ತವೆ, ಒಂದು ಕಲ್ಲಿಗಿಂತ ಪಕ್ಕದ್ದು ಎರಡು ಮೂರು ಮಿಲಿಮೀಟರ್ ಎತ್ತರ ಇರುತ್ತದೆ. ಪಾರ್ಕಿಂಗ್ ಟೈಲ್ಸ್ ಮೇಲೆ ಬೇಕೆಂದೇ ಮಾಡಿದ ಉಬ್ಬು ತಗ್ಗು ಇರುತ್ತವೆ. ಗೇಟಿನ ಹಳಿ, ಹೊಸ್ತಿಲು, ನೀರು ಹೋಗುವ ಕಾಲುವೆಯ ಜಾಲರಿ ಏನೇನು ದಾಟಬೇಕು ಅಂತ ಬರೆದಿಟ್ಟುಕೊಳ್ಳಿ. ಅದರಲ್ಲಿ ಅತಿ ಎತ್ತರದ್ದು ಎಷ್ಟು ಮಿಲಿಮೀಟರ್ ಅಂತ ಅಳೆಯಿರಿ. ವೀಲ್ ಎಷ್ಟು ದೊಡ್ಡದಿರಬೇಕು ಅನ್ನುವುದು ಮುಖ್ಯವಾಗಿ ಇದರ ಮೇಲೆಯೇ ನಿಂತಿದೆ.

ಆಮೇಲೆ ಇಳಿಜಾರು. ಕಾರ್ ಪಾರ್ಕಿಂಗ್ ನೆಲಕ್ಕೆ ನೀರು ಹರಿಯಲಿ ಅಂತ ಇಳಿಜಾರು ಕೊಟ್ಟಿರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ. ಉದ್ದದ ನೇರ ಪಟ್ಟಿಯ ಮೇಲೆ ರಸಮಟ್ಟ ಇಟ್ಟು ನೋಡಿ, ಅಥವಾ ಗಾರೆಯವರ ಹಾಗೆ ಪಾರದರ್ಶಕ ಪೈಪಿಗೆ ನೀರು ತುಂಬಿಸಿ ಎರಡೂ ತುದಿ ಹಿಡಿದು ನೋಡಿ. 100 ಮಿಲಿಮೀಟರಿಗೆ 1 ಮಿಲಿಮೀಟರ್ ಇಳಿದರೆ ಅದು ನೂರಕ್ಕೆ ಒಂದರ ಇಳಿಜಾರು. 150 ಕೆಜಿ ಬೆಂಚನ್ನು ಅದು ಸುಮಾರು ಒಂದೂವರೆ ಕೆಜಿಯ ಬಲದಲ್ಲಿ ಕೆಳಕ್ಕೆ ಎಳೆಯುತ್ತಿರುತ್ತದೆ. ಏನೂ ಅಲ್ಲ ಅನಿಸುತ್ತದೆ, ಅಲ್ವಾ? ಒಳ್ಳೆಯ ಬೇರಿಂಗ್ ಇರುವ ಗಟ್ಟಿ ವೀಲ್ ತಾನಾಗಿಯೇ ಹೊರಡಲು ಅಷ್ಟು ಸಾಕಾಗಬಹುದು. ಇಂಥ ಕಡೆ ಬ್ರೇಕ್ ಇಲ್ಲದ ಒಂದೂ ಗಾಡಿ ಬೇಡ.

ಮನೆಯೊಳಗೆ ವಿಟ್ರಿಫೈಡ್ ಟೈಲ್ಸ್ ಇದ್ದರೆ ಬೆರಳಿನ ಗೆಣ್ಣಿನಿಂದ ತಟ್ಟಿ ಕೇಳಿ. ಡಬಡಬ ಅಂದರೆ ಅಡಿಯಲ್ಲಿ ಟೊಳ್ಳು. ಅಂಥ ಟೈಲ್ಸ್ ಮೇಲೆ ತೂಕದ ಬೆಂಚನ್ನು ಗಟ್ಟಿ ನೈಲಾನ್ ವೀಲ್‌ನಲ್ಲಿ ಉರುಳಿಸಿದರೆ ಬಿರುಕು ಬಿಡಬಹುದು. ರೆಡ್ ಆಕ್ಸೈಡ್ ನೆಲದ್ದು ಬೇರೆ ತಕರಾರು: ಗಟ್ಟಿ ವೀಲ್ ಅಡಿಗೆ ಒಂದು ಮರಳಿನ ಕಾಳು ಸಿಕ್ಕರೂ ಉದ್ದಕ್ಕೆ ಗೀರು.

ಹಂತ 2: ತೂಕ ಹಾಕಿ, ಮೂರರಿಂದ ಭಾಗಿಸಿ

ನಾಲ್ಕು ವೀಲ್ ಇದೆ, ನಾಲ್ಕರಿಂದ ಭಾಗಿಸಬೇಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಸಮತಟ್ಟಲ್ಲದ ನೆಲದಲ್ಲಿ ಯಾವಾಗಲೂ ಒಂದು ವೀಲ್ ಗಾಳಿಯಲ್ಲಿರುತ್ತದೆ, ಅಥವಾ ಸುಮ್ಮನೆ ನೆಲಕ್ಕೆ ತಾಗಿಕೊಂಡಿರುತ್ತದೆ. ಭಾರ ಹೊರುವುದು ಮೂರೇ. ಆದ್ದರಿಂದ ಪೂರ್ತಿ ತೂಕವನ್ನು ಮೂರರಿಂದ ಭಾಗಿಸಿ. ಬಂದ ಸಂಖ್ಯೆಗೆ ಅರ್ಧದಷ್ಟು ಸೇರಿಸಿ. ಕೊಳ್ಳಬೇಕಾದ ವೀಲ್‌ನ ಸಾಮರ್ಥ್ಯ ಅದು.

ನನ್ನ ಈಗಿನ ಬೆಂಚಿನ ಲೆಕ್ಕ ಹೀಗಿದೆ. ಬೆಂಚು 80 ಕೆಜಿ, ವೈಸ್ 15, ಡ್ರಾಯರ್‌ನಲ್ಲಿರುವ ಸಾಮಾನು 40, ಮೇಲೆ ಇಡುವ ಮರ 15. ಒಟ್ಟು 150. ಮೂರರಿಂದ ಭಾಗಿಸಿದರೆ 50. ಅರ್ಧ ಸೇರಿಸಿದರೆ 75. ಹಾಗಾಗಿ 75 ಕೆಜಿಗಿಂತ ಕಡಿಮೆಯ ವೀಲ್ ಕಡೆ ತಿರುಗಿಯೂ ನೋಡಲಿಲ್ಲ.

ಬೆಂಚಿನ ತೂಕ ಗೊತ್ತಿಲ್ಲ ಅಂದರೆ ಮನೆಯಲ್ಲಿರುವ ತೂಕ ನೋಡುವ ಯಂತ್ರ ತನ್ನಿ. ಬೆಂಚಿನ ಒಂದು ತುದಿಯ ಕಾಲುಗಳ ಅಡಿಗೆ ಅಡ್ಡ ರೀಪು ಇಟ್ಟು ಯಂತ್ರದ ಮೇಲೆ ಕೂರಿಸಿ, ಇನ್ನೊಂದು ತುದಿಗೆ ಅಷ್ಟೇ ಎತ್ತರದ ಹಲಗೆ ಕೊಡಿ. ತೂಕ ಬರೆದುಕೊಳ್ಳಿ. ಆಮೇಲೆ ತುದಿ ಬದಲಿಸಿ. ಎರಡನ್ನೂ ಕೂಡಿದರೆ ಬೆಂಚಿನ ತೂಕ.

ಪ್ಲೈವುಡ್ ಗಾಡಿಯ ವಿಷಯದಲ್ಲಿ ಜನ ಮೋಸ ಹೋಗುತ್ತಾರೆ. 8 ಅಡಿಗೆ 4 ಅಡಿಯ 18 ಮಿಲಿಮೀಟರ್ ಪ್ಲೈ ಒಂದೇ ಸುಮಾರು 30ರಿಂದ 35 ಕೆಜಿ ಬರುತ್ತದೆ. ಎಂಟು ಹಾಳೆ ನಿಲ್ಲಿಸಿದರೆ ಗಾಡಿಯೂ ಸೇರಿ 300 ಕೆಜಿ ಹತ್ತಿರ. ಅಂದರೆ ಪ್ರತಿ ವೀಲ್‌ಗೆ 150 ಕೆಜಿ ಸಾಮರ್ಥ್ಯ. ಬೆಂಚಿಗೆ ಹಾಕಿ ಉಳಿದ ವೀಲ್ ಇದಕ್ಕೆ ಬರುವುದಿಲ್ಲ.

ಹಂತ 3: ಎಷ್ಟು ಇಂಚು?

ಸಣ್ಣ ವೀಲ್ ಸಣ್ಣ ಉಬ್ಬಿಗೂ ಸಿಕ್ಕಿಕೊಳ್ಳುತ್ತದೆ. ಇದು ಬರೀ ಅನುಭವದ ಮಾತಲ್ಲ, ಲೆಕ್ಕವೂ ಇದೆ. 50 ಕೆಜಿ ಭಾರ ಹೊತ್ತ ವೀಲ್ ಒಂದು 5 ಮಿಲಿಮೀಟರ್ ಎತ್ತರದ ಅಂಚನ್ನು ಹತ್ತಬೇಕು ಅಂದುಕೊಳ್ಳಿ. ನಿಧಾನವಾಗಿ ತಳ್ಳಿದರೆ 2 ಇಂಚಿನ ವೀಲ್‌ಗೆ ಸುಮಾರು 37 ಕೆಜಿಯಷ್ಟು ಬಲ ಬೇಕು. 3 ಇಂಚಿಗೆ 29. 4 ಇಂಚಿಗೆ 24. 5 ಇಂಚಿಗೆ 21. ಎರಡರಿಂದ ನಾಲ್ಕಕ್ಕೆ ಹೋದರೆ ಸಿಗುವ ಲಾಭ ದೊಡ್ಡದು, ನಾಲ್ಕರಿಂದ ಐದಕ್ಕೆ ಅಷ್ಟಿಲ್ಲ. ಅದಕ್ಕೇ ನನ್ನ ಆಯ್ಕೆ ಹೆಚ್ಚಾಗಿ 4 ಇಂಚು. ನಯವಾದ ಟೈಲ್ಸ್ ನೆಲದಲ್ಲಿ ಹಗುರ ಟ್ರಾಲಿಗಾದರೆ 3 ಇಂಚು ನಡೆಯುತ್ತದೆ. 2 ಇಂಚಿನದ್ದು ಕುರ್ಚಿಗೆ, ಟೀಪಾಯಿಗೆ ಇರಲಿ.

ಎತ್ತರ ಮರೆಯಬೇಡಿ. 4 ಇಂಚಿನ ವೀಲ್ ಅಂದರೆ ಬರೀ ಚಕ್ರದ ಅಳತೆ. ಚಕ್ರ ಹಿಡಿದಿರುವ ಕವಲು, ತಿರುಗುವ ತಲೆ, ಮೇಲಿನ ಪ್ಲೇಟ್ ಎಲ್ಲ ಸೇರಿ ನೆಲದಿಂದ ಸುಮಾರು 5 ಇಂಚು ಆಗುತ್ತದೆ. 34 ಇಂಚಿನ ಬೆಂಚು 39 ಆದರೆ ಸಂಜೆಯ ಹೊತ್ತಿಗೆ ಹೆಗಲು ಹಿಡಿದುಕೊಂಡಿರುತ್ತದೆ. ಎತ್ತರ ಸರಿ ಮಾಡಲು ಬೆಂಚಿನ ಕಾಲು ಕತ್ತರಿಸುವ ಮುಂಚೆ ವೀಲ್ ಕೈಯಲ್ಲಿಟ್ಟುಕೊಂಡು ಅಳೆಯಿರಿ. ಅಂಗಡಿಯವರು ಹೇಳಿದ ಅಳತೆ ನಂಬಿ ಕಾಲು ಕತ್ತರಿಸಿದವನ ಮಾತು ಇದು. ಕತ್ತರಿಸಿದ್ದನ್ನು ಅಂಟಿಸಲು ಆಗಲಿಲ್ಲ.

ಹಂತ 4: ಚಕ್ರ ಯಾವುದರದ್ದು?

ಪಿಯು ಅಂದರೆ ಪಾಲಿಯುರೆಥೇನ್ ಹೊದಿಕೆ ಇರುವ ವೀಲ್ ಮರಗೆಲಸದ ಜಾಗಕ್ಕೆ ಎಲ್ಲಕ್ಕಿಂತ ಸರಿ ಅಂತ ನನ್ನ ಅಭಿಪ್ರಾಯ. ಸದ್ದು ಕಡಿಮೆ, ನೆಲಕ್ಕೆ ಗೀರು ಕಡಿಮೆ, ಬ್ರೇಕ್ ಹಾಕಿದರೆ ಹಿಡಿತವೂ ಇರುತ್ತದೆ. ಆದರೆ ಒಂದು ಮಾತು. ವರ್ಷಗಟ್ಟಲೆ ಕಪಾಟಿನಲ್ಲಿಟ್ಟ ಒಳ್ಳೆಯ ಶೂ ಒಂದು ದಿನ ತೆಗೆದು ಹಾಕಿಕೊಂಡರೆ ಅಡಿ ಪುಡಿಪುಡಿಯಾಗಿ ಉದುರುತ್ತದಲ್ಲ, ಅದೂ ಇದೇ ಪದಾರ್ಥದ ಕಥೆ. ಗಾಳಿಯ ತೇವ ನಿಧಾನವಾಗಿ ಅದನ್ನು ಒಳಗಿಂದ ಒಡೆಯುತ್ತದೆ. ಮಂಗಳೂರು, ಕಾರವಾರದ ಕಡೆಯ ಹವೆಯಲ್ಲಿ ಇದು ಬೇಗ. ಪಿಯು ಎಲ್ಲವೂ ಒಂದೇ ಅಲ್ಲ. ಪಾಲಿಎಸ್ಟರ್ ಜಾತಿಯದ್ದು ತೇವಕ್ಕೆ ಸೋಲುತ್ತದೆ, ಪಾಲಿಈಥರ್ ಜಾತಿಯದ್ದು ತಡೆದುಕೊಳ್ಳುತ್ತದೆ. ಚಿಲ್ಲರೆ ಅಂಗಡಿಯಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ. ಕರಾವಳಿಯವರು ಕಂಪನಿಯ ಕ್ಯಾಟಲಾಗ್ ನೋಡಿ ಕೊಳ್ಳುವುದು ಒಳ್ಳೆಯದು.

ನೈಲಾನ್ ಗಟ್ಟಿ, ಭಾರ ಹೊರುತ್ತದೆ, ತಳ್ಳಲು ಹಗುರ. ಆದರೆ ಗಡಗಡ ಸದ್ದು, ಮಧ್ಯಾಹ್ನ ಮಲಗಿದ ಮೇಲಿನ ಮನೆಯವರು ಎದ್ದು ಬರುತ್ತಾರೆ. ಇನ್ನೊಂದು ಕೆಟ್ಟ ಗುಣ: ನಯವಾದ ನೆಲದಲ್ಲಿ ಬ್ರೇಕ್ ಹಾಕಿದ ಚಕ್ರ ತಿರುಗುವುದಿಲ್ಲ, ಹಾಗೇ ಜಾರುತ್ತದೆ.

ರಬ್ಬರ್ ಮೆತ್ತಗೆ, ಸದ್ದಿಲ್ಲ, ಒರಟು ನೆಲಕ್ಕೆ ಚೆನ್ನ. ಆದರೆ ಭಾರದ ಬೆಂಚನ್ನು ತಿಂಗಳುಗಟ್ಟಲೆ ಒಂದೇ ಕಡೆ ನಿಲ್ಲಿಸಿದರೆ ಅಡಿ ಚಪ್ಪಟೆಯಾಗುತ್ತದೆ. ಆಮೇಲೆ ತಳ್ಳಿದರೆ ಕುಂಟುತ್ತದೆ. ಕಪ್ಪು ರಬ್ಬರ್ ಬಿಳಿ ಟೈಲ್ಸ್ ಮೇಲೆ ಗುರುತು ಬಿಡುವುದೂ ಉಂಟು. ಕೀಸುವಾಗ ಬೆಂಚು ರಬ್ಬರಿನ ಮೇಲೆ ತೊಟ್ಟಿಲ ಹಾಗೆ ತೂಗುತ್ತದೆ.

ವೆಲ್ಡಿಂಗ್, ಲೇತ್ ಕೆಲಸ ಮಾಡುವವರ ಲೆಕ್ಕ ಬೇರೆ. ಕಬ್ಬಿಣದ ಚೂರು ಪಿಯು ಒಳಗೆ ಕಚ್ಚಿ ಕೂರುತ್ತದೆ, ವೆಲ್ಡಿಂಗ್ ಕಿಡಿ ಪ್ಲಾಸ್ಟಿಕ್ ಜಾತಿಯ ಎಲ್ಲವನ್ನೂ ಸುಡುತ್ತದೆ. ಅಲ್ಲಿಗೆ ಬೀಡು ಕಬ್ಬಿಣದ ಚಕ್ರವೇ ಸರಿ. ನೆಲ ಮಾತ್ರ ಸಿಮೆಂಟಿನದ್ದಾಗಿರಬೇಕು.

ಹಂತ 5: ರಿವಾಲ್ವಿಂಗ್, ಫಿಕ್ಸ್, ಬ್ರೇಕ್

ನಮ್ಮ ಅಂಗಡಿಗಳಲ್ಲಿ ತಿರುಗುವ ವೀಲ್‌ಗೆ ರಿವಾಲ್ವಿಂಗ್ ಅನ್ನುತ್ತಾರೆ, ತಿರುಗದಿರುವುದಕ್ಕೆ ಫಿಕ್ಸ್. ಇಕ್ಕಟ್ಟಿನ ಜಾಗದಲ್ಲಿ ಬೆಂಚನ್ನು ಪಕ್ಕಕ್ಕೂ ಸರಿಸಬೇಕಾದರೆ ನಾಲ್ಕೂ ರಿವಾಲ್ವಿಂಗ್ ಇರಲಿ. ಪ್ಲೈವುಡ್ ಗಾಡಿಯಂಥ ಉದ್ದದ ಭಾರ ನೇರ ಹೋಗಬೇಕಾದರೆ ಎರಡು ಫಿಕ್ಸ್, ಎರಡು ರಿವಾಲ್ವಿಂಗ್. ತಳ್ಳುವವರು ನಿಲ್ಲುವ ತುದಿಗೆ ರಿವಾಲ್ವಿಂಗ್ ಬರಲಿ, ಇಲ್ಲದಿದ್ದರೆ ತಿರುಗಿಸಲು ಒದ್ದಾಡುತ್ತೀರಿ.

ಪಕ್ಕದ ಮನೆಯ ಸ್ಕೂಟರ್ ಪ್ರಸಂಗದಲ್ಲಿ ಬ್ರೇಕ್‌ನ ಪಾಲೂ ಇತ್ತು. ಸಾಮಾನ್ಯ ಬ್ರೇಕ್ ಚಕ್ರವನ್ನಷ್ಟೇ ಹಿಡಿಯುತ್ತದೆ. ಮೇಲಿನ ತಲೆ ತಿರುಗುತ್ತಲೇ ಇರುತ್ತದೆ. ರಿವಾಲ್ವಿಂಗ್ ವೀಲ್‌ನಲ್ಲಿ ಚಕ್ರ ನೆಲ ಮುಟ್ಟುವ ಜಾಗ ಮತ್ತು ತಿರುಗುವ ಕೀಲಿನ ಜಾಗ ಒಂದೇ ಅಲ್ಲ, ನಡುವೆ ಒಂದೂವರೆ ಇಂಚಿನಷ್ಟು ಅಂತರ ಇರುತ್ತದೆ. ಹಾಗಾಗಿ ಚಕ್ರ ಬಿಗಿದಿದ್ದರೂ ಬೆಂಚು ಆ ಅಂತರದಲ್ಲಿ ಅತ್ತಿತ್ತ ಹೊರಳುತ್ತದೆ. ಟೋಟಲ್ ಲಾಕ್ ಅನ್ನುವ ಬಗೆಯಲ್ಲಿ ಒಂದೇ ಪೆಡಲ್ ಚಕ್ರವನ್ನೂ ತಲೆಯನ್ನೂ ಹಿಡಿಯುತ್ತದೆ. ಕೇಳುವಾಗ ‘ಬ್ರೇಕ್ ವೀಲ್’ ಅಂದರೆ ಮೊದಲನೆಯದನ್ನೇ ಕೊಡುತ್ತಾರೆ. ಬ್ರೇಕ್ ಒತ್ತಿ, ಪ್ಲೇಟ್ ಹಿಡಿದು ಕವಲನ್ನು ತಿರುಚಿ ನೋಡಿ. ತಿರುಗಿದರೆ ಅದು ಟೋಟಲ್ ಲಾಕ್ ಅಲ್ಲ.

ಎಷ್ಟು ವೀಲ್‌ಗೆ ಬ್ರೇಕ್? ಟ್ರಾಲಿಗೆ ಎದುರಿನ ಎರಡು ಸಾಕು. ಬೆಂಚಿಗಾದರೆ ನಾಲ್ಕೂ. ಗೋಡೆಯ ಕಡೆಯ ಬ್ರೇಕ್‌ಗೆ ಕಾಲು ಹೋಗುವುದಿಲ್ಲ ಅನ್ನುವುದು ನಿಜ, ಆದರೆ ಕೆಲಸಕ್ಕೆ ಬೆಂಚನ್ನು ನಡುವೆ ಎಳೆದಾಗ ಹೋಗುತ್ತದೆ. ಪೆಡಲ್ ವೀಲ್ ಜೊತೆಗೇ ತಿರುಗುತ್ತದೆ, ಇದನ್ನು ಗಮನಿಸಿ. ಬೆಂಚನ್ನು ನಿಮ್ಮ ಕಡೆ ಎಳೆದರೆ ನಿಮ್ಮ ಹತ್ತಿರದ ಪೆಡಲ್‌ಗಳು ಬೆಂಚಿನ ಅಡಿಗೆ ಹೋಗಿ ಅಡಗುತ್ತವೆ. ಕೊನೆಯಲ್ಲಿ ಎರಡು ಮೂರು ಇಂಚು ಆಚೆ ತಳ್ಳಿದರೆ ಹೊರಗೆ ಬರುತ್ತವೆ. ಈ ಚಿಕ್ಕ ಉಪಾಯ ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು, ಅಲ್ಲಿವರೆಗೆ ಮಂಡಿಯೂರಿ ಕೈಯಿಂದ ಒತ್ತುತ್ತಿದ್ದೆ.

ಹಂತ 6: ಬೆಂಚನ್ನು ವೀಲ್ ಮೇಲಿಂದ ಇಳಿಸಿ

ಟೋಟಲ್ ಲಾಕ್ ಹಾಕಿದರೂ ಬೇರಿಂಗಿನ ಸಡಿಲ ಇದ್ದೇ ಇರುತ್ತದೆ. ಡ್ರಿಲ್ ಹೊಡೆಯಲು, ಸ್ಕ್ರೂ ಹಾಕಲು ತೊಂದರೆಯಿಲ್ಲ. ಕೈಯಲ್ಲಿ ಕೀಸುವವರಿಗೆ, ಉಳಿ ಸುತ್ತಿಗೆ ಹಿಡಿಯುವವರಿಗೆ ಸಾಲದು. ಅವರ ಬೆಂಚು ಕೆಲಸದ ಹೊತ್ತಿಗೆ ತನ್ನ ಕಾಲ ಮೇಲೇ ನಿಲ್ಲಬೇಕು. ಅದಕ್ಕೆ ಮೂರು ದಾರಿ.

ಅಗ್ಗದ್ದು, ನನಗೆ ಇಷ್ಟವಾದದ್ದು: ಒಂದು ತುದಿಯ ಎರಡು ಕಾಲಿನ ಹೊರಮುಖಕ್ಕೆ ಎರಡು ಫಿಕ್ಸ್ ವೀಲ್. ಬೆಂಚು ನೆಟ್ಟಗೆ ನಿಂತಾಗ ಚಕ್ರ ನೆಲದಿಂದ 2-3 ಮಿಲಿಮೀಟರ್ ಮೇಲಿರಬೇಕು. ಇನ್ನೊಂದು ತುದಿ ಎತ್ತಿದರೆ ಬೆಂಚು ವಾಲಿ ಚಕ್ರ ನೆಲ ಹಿಡಿಯುತ್ತದೆ, ಗಾರೆ ಕೆಲಸದ ಕೈಗಾಡಿಯ ಹಾಗೆ ತಳ್ಳಿಕೊಂಡು ಹೋಗಬಹುದು. ಬ್ರೇಕ್ ಬೇಡ, ತಲೆನೋವಿಲ್ಲ. ಆದರೆ ನಿಮ್ಮ ಕೈಗೆ ಬೆಂಚಿನ ಹತ್ತಿರ ಹತ್ತಿರ ಅರ್ಧ ತೂಕ ಬರುತ್ತದೆ. ಬೆಂಚು 60 ಕೆಜಿ ಆದರೆ 30 ಎತ್ತಬೇಕು. ನನ್ನ 150 ಕೆಜಿಯದ್ದಕ್ಕೆ ಇದು ಆಗುವ ಮಾತಲ್ಲ, ಸೊಂಟ ನಮ್ಮದೇ ಅಲ್ವಾ.

ಎರಡನೆಯದು ಕಾಲಿನಿಂದ ಒತ್ತಿದರೆ ಇಳಿದು ಬೆಂಚನ್ನು ಎತ್ತುವ, ಇನ್ನೊಮ್ಮೆ ತಟ್ಟಿದರೆ ಮಡಚಿಕೊಳ್ಳುವ ವರ್ಕ್‌ಬೆಂಚ್ ಕ್ಯಾಸ್ಟರ್. ಆನ್‌ಲೈನಿನಲ್ಲಿ ನಾಲ್ಕರ ಸೆಟ್ ಸಿಗುತ್ತದೆ. ಡಬ್ಬದ ಮೇಲೆ 180 ಕೆಜಿ ಅಂತಿದ್ದರೆ ಒಂದಕ್ಕೆ 45, ಮೂರರ ಲೆಕ್ಕದಲ್ಲಿ 135. ಅದಕ್ಕಿಂತ ಕಡಿಮೆ ತೂಕಕ್ಕೇ ಇಟ್ಟುಕೊಳ್ಳಿ. ಇವುಗಳ ಚಕ್ರ ಚಿಕ್ಕದು, ಎತ್ತುವುದೂ ಸ್ವಲ್ಪವೇ. ನಯವಾದ ನೆಲಕ್ಕೆ ಮಾತ್ರ.

ಮೂರನೆಯದು ಲೆವೆಲಿಂಗ್ ಕ್ಯಾಸ್ಟರ್. ಚಕ್ರದ ಪಕ್ಕದಲ್ಲೇ ಒಂದು ರಬ್ಬರ್ ಕಾಲು, ಅದನ್ನು ಇಳಿಸಲು ಹಲ್ಲಿರುವ ಒಂದು ಬಿಲ್ಲೆ. ತಿರುಗಿಸಿದರೆ ಕಾಲು ಇಳಿದು ಚಕ್ರವನ್ನು ನೆಲದಿಂದ ಎತ್ತುತ್ತದೆ. ಭಾರ ಚೆನ್ನಾಗಿ ಹೊರುತ್ತದೆ, ಇಳಿಜಾರು ನೆಲದಲ್ಲಿ ಬೆಂಚನ್ನು ಮಟ್ಟ ಮಾಡಲೂ ಬರುತ್ತದೆ. ದಿನಾ ಎರಡು ಸಲ ಬಗ್ಗಿ ನಾಲ್ಕು ಬಿಲ್ಲೆ ತಿರುಗಿಸುವ ತಾಳ್ಮೆ ಇರಬೇಕು ಅಷ್ಟೆ. ಟೇಬಲ್ ಸಾ ಅಡಿಗೆ ನಾನು ಇದನ್ನೇ ಹಾಕಿದ್ದೇನೆ, ಬೆಂಚಿಗೆ ನಾಲ್ಕು ಟೋಟಲ್ ಲಾಕ್ ಪಿಯು. ಕೀಸುವ ದಿನ ಮಾತ್ರ ಬೆಂಚಿನ ಕಾಲುಗಳ ನಡುವಿನ ಅಡ್ಡಪಟ್ಟಿಯ ಕೆಳಗೆ ಬೆಣೆ ಹೊಡೆದು ಭಾರವನ್ನು ಮರದ ದಿಮ್ಮಿಗಳ ಮೇಲೆ ಬಿಡುತ್ತೇನೆ.

ಎತ್ತರದ ಕಪಾಟು ಇದ್ದರೆ

ನಿಂತ ಡ್ರಿಲ್ ಮೆಷಿನ್, ಎತ್ತರದ ಟೂಲ್ ಕಪಾಟು ಇವುಗಳ ಭಾರ ಮೇಲಿರುತ್ತದೆ. 18 ಇಂಚು ಅಗಲದ ಕಪಾಟಿನ ಅಡಿಗೆ 4 ಇಂಚಿನ ಪ್ಲೇಟ್ ಕೂರಿಸಿದರೆ ಕೀಲುಗಳ ನಡುವೆ ಉಳಿಯುವುದು 14 ಇಂಚು. ಎರಡೂ ಕಡೆ ಚಕ್ರ ಒಳಕ್ಕೆ ತಿರುಗಿ ನಿಂತರೆ ಇನ್ನೂ 3 ಇಂಚು ಹೋಯಿತು. 18 ಇಂಚಿನ ಕಪಾಟು ನಿಂತಿರುವುದು 11 ಇಂಚಿನ ಮೇಲೆ! ಮೇಲಿನ ಡ್ರಾಯರ್ ತುಂಬಾ ಸಾಮಾನಿದ್ದು ಅದನ್ನು ಪೂರ್ತಿ ಎಳೆದರೆ ಮುಗಿಯಿತು. ಕಪಾಟಿಗಿಂತ ಅಗಲದ ಅಡಿಪಟ್ಟಿ ಮಾಡಿ, ವೀಲ್‌ಗಳನ್ನು ಅದರ ತುದಿಗೆ ಹಾಕಿ. ಭಾರದ ಸಾಮಾನು ಕೆಳಗಿನ ಡ್ರಾಯರಿಗೆ.

ಹಂತ 7: ಅಂಗಡಿಯಲ್ಲಿ

ಬೆಂಗಳೂರಿನವರಿಗೆ ಎಸ್‌ಜೆಪಿ ರೋಡಿನ ಹಾರ್ಡ್‌ವೇರ್ ಅಂಗಡಿಗಳಿವೆ. ಬೇರೆ ಊರಲ್ಲೂ ಟ್ರಾಲಿ ವೀಲ್ ಅಂದರೆ ತೋರಿಸುತ್ತಾರೆ. ಹೋದ ಕೂಡಲೇ ‘ಏನಕ್ಕೆ ಸಾರ್, ಎಷ್ಟು ತೂಕ?’ ಅಂತ ಕೇಳಿದರೆ ಅದು ಒಳ್ಳೆಯ ಅಂಗಡಿ. ಬರೀ ‘ಎಷ್ಟು ಇಂಚು?’ ಅಂದರೆ ನೀವೇ ಪರೀಕ್ಷೆ ಮಾಡಬೇಕು.

ಪ್ಲೇಟ್ ಹಿಡಿದು ಚಕ್ರವನ್ನು ಜೋರಾಗಿ ಅಲ್ಲಾಡಿಸಿ. ಕಟಕಟ ಅಂದರೆ ಕೆಳಗಿಡಿ. ತಿರುಗುವ ತಲೆಯಲ್ಲಿ ಬೇರಿಂಗ್ ಗುಂಡುಗಳ ಸಾಲು ಒಂದಿದೆಯಾ ಎರಡಿದೆಯಾ ಕೇಳಿ, ಎರಡಿದ್ದರೆ ಒಳ್ಳೆಯದು. ಚಕ್ರದ ನಡುವೆ ಬೇರಿಂಗ್ ಇದೆಯಾ ಬರೀ ಪ್ಲಾಸ್ಟಿಕ್ ತೂತಾ ನೋಡಿ. ನಾಲ್ಕನ್ನೂ ಒಂದೇ ಡಬ್ಬದಿಂದ ತೆಗೆಸಿ, ಸಾಲಾಗಿ ನಿಲ್ಲಿಸಿ ಮೇಲೆ ಒಂದು ಸ್ಕೇಲ್ ಇಡಿ. 4 ಇಂಚು ಅಂತ ಬರೆದ ಎರಡು ಬೇರೆ ತಯಾರಿಕೆಯ ವೀಲ್‌ಗಳ ಒಟ್ಟು ಎತ್ತರದಲ್ಲಿ ವ್ಯತ್ಯಾಸ ಇರುತ್ತದೆ, ಬೆಂಚು ಹುಟ್ಟಿನಿಂದಲೇ ಕುಂಟುತ್ತದೆ. ಮತ್ತೆ, ಐದು ಕೊಳ್ಳಿ. ಎರಡು ವರ್ಷ ಬಿಟ್ಟು ಒಂದು ಮುರಿದರೆ ಅದೇ ಅಳತೆಯದ್ದು ಸಿಗುತ್ತದೆ ಅನ್ನುವ ನಂಬಿಕೆ ಬೇಡ.

ಹಂತ 8: ಕೂರಿಸುವುದು

ಮರದ ಬೆಂಚಿಗೆ ಪ್ಲೇಟ್ ಇರುವುದನ್ನೇ ತನ್ನಿ. ಬೋಲ್ಟಿನ ಹಾಗೆ ಒಂದೇ ಕಂಬಿ ಇರುವ ಬಗೆಯನ್ನು ಮರದ ಕಾಲಿಗೆ ಹಾಕಿದರೆ ಒಂದು ಹೊಸ್ತಿಲಿಗೆ ತಾಗಿದಾಗ ಕಾಲೇ ಸೀಳುತ್ತದೆ. ಕಾಲಿನ ತುದಿಗೆ ನೇರವಾಗಿ ಸ್ಕ್ರೂ ಹೊಡೆದರೂ ಹಿಡಿಯುವುದಿಲ್ಲ, ಮರದ ಎಳೆ ಉದ್ದಕ್ಕಿರುವ ಕಡೆ ಸ್ಕ್ರೂ ಸಡಿಲವಾಗಿ ಕಿತ್ತು ಬರುತ್ತದೆ. ಎರಡು ಕಾಲುಗಳನ್ನು ಸೇರಿಸಿ ಅಡಿಗೆ ಒಂದೂವರೆ ಎರಡು ಇಂಚು ದಪ್ಪದ ಗಟ್ಟಿ ಮರದ ಪಟ್ಟಿ ಕೊಡಿ. ಪಟ್ಟಿ ಕಾಲಿನ ಆಚೆಗೂ ಸ್ವಲ್ಪ ಚಾಚಿರಲಿ, ಬೋಲ್ಟ್ ಆರಪಾರು ಹೋಗಲಿ. ಪ್ಲೇಟಿನ ತೂತಿಗೆ ಹೊಂದುವ 8 ಮಿಲಿಮೀಟರ್ ಬೋಲ್ಟ್, ದೊಡ್ಡ ವಾಷರ್, ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರ ಇರುವ ನಟ್). ಪಾರ್ಟಿಕಲ್ ಬೋರ್ಡಿನ ಕಪಾಟಾದರೆ ಒಳಗಡೆ ಪ್ಲೈವುಡ್ ತುಂಡು ಅಥವಾ ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟ್ ಹಾಕಿ.

ಚೌಕ ಪೈಪಿನ ಬೆಂಚು ಮಾಡಿಸುವವರು ವೆಲ್ಡರ್‌ಗೆ ಮೊದಲೇ ಹೇಳಿ: 6 ಮಿಲಿಮೀಟರ್ ಪ್ಲೇಟನ್ನು ಕಾಲಿಗೆ ವೆಲ್ಡ್ ಮಾಡಿ, ವೀಲ್ ಬೋಲ್ಟ್ ಹಾಕುತ್ತೇನೆ ಅಂತ. ಬಿಟ್ಟರೆ ವೀಲನ್ನೇ ನೇರ ಬೆಸೆದುಬಿಡುತ್ತಾರೆ. ಬಿಸಿಗೆ ಗ್ರೀಸ್ ಕರಗಿ ಹೋಗುತ್ತದೆ, ಸತುವಿನ ಲೇಪ ಸುಟ್ಟ ಹೊಗೆ ವೆಲ್ಡರ್‌ನ ಎದೆಗೂ ಒಳ್ಳೆಯದಲ್ಲ, ನಾಳೆ ವೀಲ್ ಬದಲಿಸಬೇಕಾದರೆ ಗ್ರೈಂಡರ್ ತರಬೇಕು.

ಕೂರಿಸಿದ ಮೇಲೆ ಖಾಲಿ ಬೆಂಚನ್ನು ದಾರಿ ಪೂರ್ತಿ ಒಮ್ಮೆ ಓಡಿಸಿ ನೋಡಿ, ಆಮೇಲೆ ಸಾಮಾನು ತುಂಬಿ. ಒಂದು ತಿಂಗಳಾದ ಮೇಲೆ ಎಲ್ಲ ನಟ್ ಮತ್ತೆ ಬಿಗಿ ಮಾಡಿ, ಹೊಸ ಮರ ಒಣಗಿ ಕುಗ್ಗಿರುತ್ತದೆ. ಚಕ್ರದ ಅಚ್ಚಿಗೆ ನೂಲು, ಕೂದಲು, ಪ್ಲಾಸ್ಟಿಕ್ ದಾರ ಸುತ್ತಿಕೊಳ್ಳುತ್ತದೆ, ಬ್ಲೇಡಿನಿಂದ ಕೊಯ್ದು ತೆಗೆಯಿರಿ. ಎಣ್ಣೆ ಮಾತ್ರ ಸುರಿಯಬೇಡಿ. ಹೊಟ್ಟು ಅದಕ್ಕೆ ಮೆತ್ತಿ ರೊಟ್ಟಿ ಹಿಟ್ಟಿನ ಹಾಗೆ ಆಗುತ್ತದೆ. ತಲೆಯ ಗುಂಡುಗಳಿಗೆ ವರ್ಷಕ್ಕೊಮ್ಮೆ ಬೆರಳ ತುದಿಯಷ್ಟು ಗ್ರೀಸ್ ಸಾಕು.

ನನ್ನ ಐದನೇ ವೀಲ್ ಇನ್ನೂ ಡ್ರಾಯರಿನಲ್ಲೇ ಇದೆ. ಹಳೆಯ 2 ಇಂಚಿನ ನಾಲ್ಕು ಈಗ ಮನೆಯಲ್ಲಿ ತುಳಸಿ ಕುಂಡದ ಅಡಿಗಿವೆ.